ಒಡೆದರೆ ಯಾರು ಕೊಡಬೇಕು?

ಪ್ರಿಯ ಅಧ್ಯಕ್ಷರೇ,

ನಿಮ್ಮ ಆರು ಪುಟಗಳ ಪತ್ರ ಕೈಸೇರಿ ಹದಿನೈದು ದಿನಗಳಾದವು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಬೋರ್‌ವೆಲ್ ಮೋಟಾರಿನ ರಿವೈಂಡಿಂಗ್ ಅಂಗಡಿ ಇಟ್ಟವರು, ಏಳನೇ ತರಗತಿಯ ಹುಡುಗಿಯೊಬ್ಬಳ ತಂದೆ ಎಂದಷ್ಟು ಓದುಗರಿಗೆ ತಿಳಿದರೆ ಸಾಕು.

ಪತ್ರ ಓದದವರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಕಂಪನಿಯೊಂದು ಸಮಾಜದ ಕೆಲಸಕ್ಕೆಂದು ಎತ್ತಿಡುವ ತನ್ನ ಸಿಎಸ್‌ಆರ್ ಹಣದಲ್ಲಿ ನಿಮ್ಮ ಶಾಲೆಗೆ ವಿಜ್ಞಾನ, ತಂತ್ರಜ್ಞಾನ, ಗಣಿತ ಕಲಿಯುವ ‘ಸ್ಟೆಮ್ ಲ್ಯಾಬ್’ ಮಾಡಿಕೊಟ್ಟಿತು. ರೋಬೋ ಕಿಟ್, ತ್ರೀಡಿ ಪ್ರಿಂಟರ್, ಎರಡು ಸೂಕ್ಷ್ಮದರ್ಶಕ, ಗೋಡೆ ತುಂಬ ಗ್ರಹಗಳ ಚಿತ್ರ. ಉದ್ಘಾಟನೆಯ ಸುದ್ದಿಯನ್ನು ನಮ್ಮ ಪತ್ರಿಕೆಯೂ ಫೋಟೊ ಸಮೇತ ಹಾಕಿತು. ಅದಾಗಿ ಒಂದೂವರೆ ವರ್ಷ. ಈವರೆಗೆ ಆ ಕೋಣೆಯ ಬೀಗ ತೆಗೆದದ್ದು ನಾಲ್ಕು ಸಲ, ನಾಲ್ಕೂ ಸಲ ಹೊರಗಿನವರು ನೋಡಲು ಬಂದಾಗ. ವಿಜ್ಞಾನ-ಗಣಿತ ಕಲಿಸುವ ಪದವೀಧರ ಶಿಕ್ಷಕರ ಹುದ್ದೆ ಎರಡು ವರ್ಷದಿಂದ ಖಾಲಿ. ಇರುವವರು ಒಬ್ಬ ಅತಿಥಿ ಶಿಕ್ಷಕಿ. ಲ್ಯಾಬ್ ಯಾಕೆ ತೆಗೆಯುವುದಿಲ್ಲ ಎಂದು ನೀವು ಕೇಳಿದಾಗ ಅವರು ಅಂದದ್ದು: ‘ಒಡದ್ರ ಯಾರ್ ಕೊಡಬೇಕ್ರಿ?’

ಆ ಒಂದು ಮಾತಿನಿಂದಾಗಿ ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಲ್ಯಾಬ್ ವಾಪಸ್ ಒಯ್ಯಿರಿ, ಮಾಸ್ತರರನ್ನು ಕೊಡಿ ಎಂದು ಠರಾವು ಮಾಡಿ ಕಳಿಸಿದರೆ ತಪ್ಪೇ? ಕೂಡುವುದು ಕಳೆಯುವುದೇ ಸರಿಯಾಗಿ ಬಾರದ ಮಕ್ಕಳಿಗೆ ರೋಬೋ ಯಾಕೆ? ‘ನಮ್ಮ ಸಾಲಿ ಮಾಳಗಿ ಸೋರಾಕತ್ತೈತಿ, ಚಂದ್ರನ ಮ್ಯಾಲೆ ಹೋಗಾಕ ರೊಕ್ಕ ಹೆಂಗ ಬರ್ತೈತಿ?’

ಮೊದಲು ನಮ್ಮ ಪಾಲಿನ ತಪ್ಪು. ರಿಬ್ಬನ್ ಕತ್ತರಿಸಿದ ದಿನ ನಮ್ಮ ವರದಿಗಾರರು ಬಂದರು, ಆಮೇಲೆ ಬರಲಿಲ್ಲ. ಬೀಗದ ಕೈ ಯಾರ ಹತ್ತಿರ ಇರುತ್ತದೆ, ವಿಜ್ಞಾನ ಯಾರು ಕಲಿಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನಾದರೂ ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕಾಗಿ ನಿಮ್ಮಲ್ಲೂ ಆ ಶಿಕ್ಷಕಿಯಲ್ಲೂ ಕ್ಷಮೆ ಕೋರುತ್ತೇನೆ.

ನಾನು ಓದಿದ ಹೈಸ್ಕೂಲಿನಲ್ಲೂ ಗಾಜಿನ ಬಾಗಿಲಿನ ಬೀರು ಇತ್ತು. ಬ್ಯುರೆಟ್ಟು, ಕಾಂತಸೂಜಿ, ಉದ್ದ ಕತ್ತಿನ ಒಂದು ಫ್ಲಾಸ್ಕು. ಮೂರು ವರ್ಷ ಗಾಜಿನ ಈಚೆಯಿಂದಲೇ ಅವನ್ನು ನೋಡಿದೆವು. ಅವೆಲ್ಲ ದಾಸ್ತಾನು ವಹಿಯಲ್ಲಿ ಏರಿದ ಸಾಮಾನು. ಒಂದು ಫ್ಲಾಸ್ಕ್ ಒಡೆದರೂ ಚಾರ್ಜ್ ಒಪ್ಪಿಸುವ ದಿನ ಲೆಕ್ಕ ಹೇಳಬೇಕಲ್ಲ ಎಂಬ ಭಯ ನಮ್ಮ ವಿಜ್ಞಾನ ಮೇಷ್ಟರಿಗೆ. ಅವರು ಕೆಲಸಗಳ್ಳರಾಗಿರಲಿಲ್ಲ. ಫ್ಯೂಸ್ ಹೋದ ಬಲ್ಬಿನ ಬುಡ ಬಿಚ್ಚಿ, ಒಳಗಿನ ತಂತಿ ತೆಗೆದು, ನೀರು ತುಂಬಿ ಬಿಸಿಲಿಗೆ ಹಿಡಿದು ಕಾಗದದ ಮೇಲೆ ಬೆಳಕಿನ ಚುಕ್ಕೆ ಬೀಳಿಸಿ ತೋರಿಸಿದವರು ಅವರೇ. ಮಸೂರ ಎಂದರೇನೆಂದು ನಾನು ತಿಳಿದದ್ದು ಅಲ್ಲಿ. ಆ ಬಲ್ಬು ಯಾವ ವಹಿಯಲ್ಲೂ ಇರಲಿಲ್ಲ. ಅದಕ್ಕೇ ಅದು ನಮ್ಮ ಕೈಗೆ ಬಂತು.

ನಿಮ್ಮ ಶಿಕ್ಷಕಿಯ ಪ್ರಶ್ನೆಗೆ ಐವತ್ತು ವರ್ಷದ ಹಿಂದೆಯೇ ಒಂದು ಕಡೆ ಉತ್ತರ ಕೊಟ್ಟಿದ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ, ಈಗಿನ ನರ್ಮದಾಪುರಂ. 1972ರಲ್ಲಿ ಕಿಶೋರ್ ಭಾರತಿ, ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಕ್ರಮವನ್ನೇ ಬದಲಿಸಲು ಅನುಮತಿ ಪಡೆದವು. ಓದಿ ಒಪ್ಪಿಸುವ ಪಠ್ಯಪುಸ್ತಕ ಹೋಗಿ, ಮಾಡಿ ನೋಡಿ ಬರೆಯುವ ‘ಬಾಲ ವೈಜ್ಞಾನಿಕ’ ಎಂಬ ಕಾರ್ಯಪುಸ್ತಕ ಬಂತು. ಮಕ್ಕಳು ಗುಂಪಾಗಿ ಕೂತು ಕೈಯಾರೆ ಪ್ರಯೋಗ ಮಾಡಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಕಿಟ್ಟಿನ ಸಾಮಾನು ಅಗ್ಗದ್ದು, ಖರ್ಚಾಗುವಂಥದ್ದು, ಒಡೆಯುವಂಥದ್ದು ಎಂಬುದನ್ನು ಮೊದಲೇ ಒಪ್ಪಿಕೊಂಡು, ಮುಗಿದದ್ದನ್ನೂ ಒಡೆದದ್ದನ್ನೂ ಮತ್ತೆ ತುಂಬಿಕೊಡುವ ವ್ಯವಸ್ಥೆ ಇಟ್ಟಿದ್ದರು. ಐಐಟಿ ಓದಿ ಬಂದ ಅರವಿಂದ ಗುಪ್ತಾ ಸೈಕಲ್ಲಿನ ವಾಲ್ವ್ ಟ್ಯೂಬಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಘನ ಮಾಡುವ ಆಟ ಕಂಡುಕೊಂಡದ್ದು ಈ ಕಾರ್ಯಕ್ರಮದಲ್ಲೇ.

ಆದರೆ ಹೋಶಂಗಾಬಾದಿನ ಜೀವ ಇದ್ದದ್ದು ಕಿಟ್ಟಿನಲ್ಲಲ್ಲ. ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಯಾವ ಮಗು ಏನು ಕೇಳಿತು ಎಂದು ಮಾತಾಡಿಕೊಳ್ಳುತ್ತಿದ್ದರು. ಅವರಿಗೆ ತರಬೇತಿ ಕೊಡಲು ದೆಹಲಿ ವಿಶ್ವವಿದ್ಯಾಲಯದಿಂದ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ವಿಜ್ಞಾನಿಗಳೇ ಹಳ್ಳಿಗೆ ಬರುತ್ತಿದ್ದರು. ಮಕ್ಕಳು ‘ಸವಾಲಿರಾಮ’ ಎಂಬ ಕಲ್ಪನೆಯ ವ್ಯಕ್ತಿಗೆ ಅಂಚೆಯಲ್ಲಿ ಪ್ರಶ್ನೆ ಬರೆದು ಹಾಕಿದರೆ ಒಂದೊಂದಕ್ಕೂ ಉತ್ತರ ಬರುತ್ತಿತ್ತು. 1978ರ ಹೊತ್ತಿಗೆ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಇದಕ್ಕೆಂದೇ ‘ಏಕಲವ್ಯ’ ಸಂಸ್ಥೆ ಹುಟ್ಟಿತು. ಕೊನೆಗೆ ಸುಮಾರು ಸಾವಿರ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ ಒಂದು ಆದೇಶಕ್ಕೆ ನಿಂತುಹೋಯಿತೆಂಬುದು ನನಗೆ ಇಂದಿಗೂ ಸಂಕಟದ ವಿಷಯ. ಅಲ್ಲಿ ನಡೆದದ್ದು ನಮ್ಮಂಥವೇ ಸರ್ಕಾರಿ ಶಾಲೆಗಳಲ್ಲಿ, ಸರ್ಕಾರಿ ಶಿಕ್ಷಕರಿಂದಲೇ. ಆಗದ ಮಾತು ಎನ್ನುವವರಿಗೆ ನಾನು ಆ ಮೂವತ್ತು ವರ್ಷಗಳನ್ನು ತೋರಿಸುತ್ತೇನೆ.

ಈಗ ರೊಕ್ಕದ ವಿಷಯ. ‘ಸಮಗ್ರ ಶಿಕ್ಷಣ’ ಎಂಬ ಸರ್ಕಾರಿ ಯೋಜನೆಯ ಮಾನದಂಡದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಸಿಗುವ ಶಾಲಾ ಅನುದಾನ 25,000 ರೂಪಾಯಿ. ನಿಮ್ಮಲ್ಲಿ 86 ಮಕ್ಕಳು. ಇದೇ ಲೆಕ್ಕಕ್ಕೆ ಬರುತ್ತೀರಿ. ಅದರಲ್ಲಿ ಶೇ. 10ರಷ್ಟಾದರೂ ಸ್ವಚ್ಛತೆಗೆ. ಉಳಿದದ್ದರಲ್ಲಿ ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ, ಕೊನೆಗೆ ಏನಾದರೂ ಮಿಕ್ಕರೆ ಪ್ರಯೋಗದ ಸಾಮಾನು. ಇನ್ನೊಂದು ಕಡೆ, 2016ರಲ್ಲಿ ಶುರುವಾದ ಮಕ್ಕಳು ಕೈಯಾರೆ ಮಾಡಿ ಕಲಿಯುವ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ: 10 ಲಕ್ಷ ಸ್ಥಾಪನೆಗೆ, 10 ಲಕ್ಷ ಐದು ವರ್ಷ ನಡೆಸಲಿಕ್ಕೆ. ಸ್ಥಾಪನೆಯ ಹಣವೊಂದೇ ನಿಮ್ಮಂಥ ಶಾಲೆಯ ನಲವತ್ತು ವರ್ಷದ ಅನುದಾನಕ್ಕೆ ಸಮ. ಆ ಯೋಜನೆಯಲ್ಲಿ ನಡೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ, ಅದನ್ನು ಮೆಚ್ಚಬೇಕು. ನಿಮಗೆ ಲ್ಯಾಬ್ ಕೊಟ್ಟ ಕಂಪನಿ ಅದನ್ನೂ ಹಿಡಿಯಲಿಲ್ಲ. ಕೋಣೆಗೆ ಬಣ್ಣ ಬಳಿಯಲು ಹಣವಿತ್ತು. ಪ್ರಿಂಟರಿನ ಪ್ಲಾಸ್ಟಿಕ್ ಎಳೆ ಮುಗಿದರೆ ಇನ್ನೊಂದು ಉರುಳೆ ತರಲು ಇರಲಿಲ್ಲ. ಕಿಟ್ಟಿನ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ ಎಂದೂ ಬರೆದಿದ್ದೀರಿ.

ಈ ಕೈಪಿಡಿಯ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಲೇಬೇಕು. ಕೀನ್ಯಾದ ಹಳ್ಳಿ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು, ಕೊಡದ ಶಾಲೆಗಳ ಜೊತೆ ಹೋಲಿಸಿ ನೋಡಿದವರಲ್ಲಿ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕಲ್ ಕ್ರೇಮರ್ ಒಬ್ಬರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು, ಏಕೆಂದರೆ ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆ. ಪೆರು ದೇಶದ 319 ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಅಳೆದು 2012ರಲ್ಲಿ ಹೊರಬಂದ ಅಧ್ಯಯನವೂ ಗಣಿತ, ಭಾಷೆ ಎರಡರಲ್ಲೂ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ ಎಂದಿತು. ಸಾಮಾನು ಬೇಡವೆಂದು ನಾನು ಇವನ್ನು ಹೇಳುತ್ತಿಲ್ಲ. ಬರೀ ಸಾಮಾನು ಕೊಟ್ಟರೆ ಏನಾಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ, ನಾವು ಅದನ್ನು ಓದದೆ ಮತ್ತೆ ಅದನ್ನೇ ಮಾಡುತ್ತಿದ್ದೇವೆ.

ಇಂಥ ಅಳತೆಗೇ ಸಂಶೋಧನೆ ಎನ್ನುವುದು. ಹಾಗಾಗಿ ನಿಮ್ಮ ಚಂದ್ರನ ಪ್ರಶ್ನೆಗೆ ನಾನು ಒಪ್ಪಲಾರೆ. ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 615 ಕೋಟಿ ಎಂದು ವರದಿಯಾಗಿದೆ. ನಮ್ಮ ರಾಜ್ಯ 2025-26ರ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ ತೋರಿಸಿದ್ದು 45 ಸಾವಿರ ಕೋಟಿಗೂ ಮೇಲೆ. ಚಂದ್ರನ ಹಣ ಕೇಂದ್ರದ ಚೀಲದ್ದು, ನಿಮ್ಮ ಮಾಳಿಗೆ ರಾಜ್ಯದ ಚೀಲದ್ದು; ಅದನ್ನು ನಿಲ್ಲಿಸಿದರೆ ಇದು ತುಂಬುವುದಿಲ್ಲ. ಸಂಶೋಧನೆಗೂ ನಮ್ಮ ದೇಶ ಕೊಡುವುದು ಕಡಿಮೆಯೇ: 2020-21ರ ಲೆಕ್ಕದಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 0.64. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6 ಕೊಡಬೇಕೆಂದು ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅವರ ಆಯೋಗ ಹೇಳಿದ್ದು 1966ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ. 6 ಎಂದು ಬರೆಯಿತು, ಅಲ್ಲಿಗೆ ನಾವಿನ್ನೂ ಮುಟ್ಟಿಲ್ಲ. ಹಸಿದ ಇಬ್ಬರು ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಕಿತ್ತುಕೊಳ್ಳುವ ಜಗಳ ಬೇಡ.

ನನ್ನ ಸಿಟ್ಟು ಬೇರೆಯದು. ಬೆಂಗಳೂರಿನಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅದೇ ಸಂಸ್ಥೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಕುದಾಪುರದ ಆವರಣದಲ್ಲಿ, ಶಾಲೆ-ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ದಾರಿ ಇದೆ. ಆದರೆ ಆ ದಾರಿಯಲ್ಲಿ ನಡೆಯಬೇಕಾದ ಶಿಕ್ಷಕರ ಹುದ್ದೆಯೇ ಖಾಲಿ ಬಿದ್ದರೆ ತರಬೇತಿ ಪಡೆಯುವವರು ಯಾರು? 6ರಿಂದ 8ನೇ ತರಗತಿಗೆ ವಿಜ್ಞಾನ-ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರು ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ನೀವು ಕೇಳುತ್ತಿರುವುದು ದಾನವಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಬರೆಯುವ ಅರ್ಜಿಯಲ್ಲಿ ‘ದಯಮಾಡಿ’ ಎಂಬ ಮಾತಿನ ಪಕ್ಕದಲ್ಲಿ ಈ ಅನುಸೂಚಿಯ ಉಲ್ಲೇಖವೂ ಇರಲಿ.

ಮಕ್ಕಳಿಗೆ ಮೊದಲು ಲೆಕ್ಕ ಬರಲಿ, ವಿಜ್ಞಾನ ಆಮೇಲೆ ಎಂದಿರಲ್ಲ, ಅದಕ್ಕೂ ನನ್ನದೊಂದು ತಕರಾರಿದೆ. ಚಿಂತೆ ನ್ಯಾಯವಾದದ್ದೇ, ಮಕ್ಕಳ ಓದು, ಲೆಕ್ಕ ಅಳೆಯುವ 2024ರ ಅಸರ್ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಬಂದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಆದರೆ ಲೆಕ್ಕ ಎಲ್ಲಿ ಕಲಿಯಬೇಕು? ನಿಮ್ಮ ಅಂಗಡಿಯನ್ನೇ ನೋಡಿ. ಎಷ್ಟು ಗೇಜಿನ ತಂತಿ, ಒಂದು ಕಾಯಿಲಿಗೆ ಎಷ್ಟು ಸುತ್ತು, ಎಷ್ಟು ಕಿಲೋ ತಾಮ್ರ ಬೇಕಾದೀತು: ಬೆಳಗ್ಗೆಯಿಂದ ಸಂಜೆವರೆಗೆ ನೀವು ಮಾಡುವುದು ಅಳತೆ ಮತ್ತು ಲೆಕ್ಕ. ‘ನಾನು ವೈಂಡಿಂಗ್ ಮಾಡೋ ಮನಷ್ಯಾ, ಸೈನ್ಸ್ ತಿಳಿಯಂಗಿಲ್ಲ’ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ನಂಬುವುದಿಲ್ಲ.

ಒಂದು ಕೆಲಸ ಮಾಡಿ. ಹೊಸ ತಂತಿ ಸುತ್ತಿ ಮಿಕ್ಕ ತುಂಡುಗಳನ್ನು ಶಿಕ್ಷಕಿಗೆ ಕೊಡಿ. ಸುಟ್ಟ ಮೋಟಾರಿನಿಂದ ಬಿಚ್ಚಿದ್ದು ಬೇಡ, ಅದರ ಮೇಲಿನ ಎನಾಮೆಲ್ ಲೇಪ ಹೋಗಿರುತ್ತದೆ, ಒಂದು ಸುತ್ತು ಇನ್ನೊಂದಕ್ಕೆ ತಗುಲಿ ಶಾರ್ಟ್ ಆಗುತ್ತದೆ ಎಂದು ನಿಮಗೇ ಗೊತ್ತು. ಮೂರಿಂಚಿನ ಮೊಳೆ, ಎರಡು ಟಾರ್ಚ್ ಸೆಲ್ಲು, ಒಂದು ಡಬ್ಬಿ ಗುಂಡುಪಿನ್ನು. ತಂತಿಯ ಎರಡೂ ತುದಿ ಕೆರೆದು ಮೊಳೆಗೆ 20 ಸುತ್ತು ಹಾಕಿದರೆ ಎಷ್ಟು ಪಿನ್ನು ಎದ್ದವು? 40ಕ್ಕೆ? 60ಕ್ಕೆ? ಮಕ್ಕಳು ಎಣಿಸಿ, ಬರೆದು, ಹಿಂದಿನದರಿಂದ ಕಳೆದು ನೋಡಲಿ. ಸೆಲ್ಲು ಬೇಗ ಬಿಸಿಯಾಗುತ್ತದೆ, ಎಣಿಸುವಷ್ಟು ಹೊತ್ತು ಮಾತ್ರ ಜೋಡಿಸಿ. ಗೋಡೆಯ ಪ್ಲಗ್ಗಿನ ತಂಟೆಗೆ ಯಾರೂ ಹೋಗಬಾರದು.

ಲ್ಯಾಬನ್ನು ವಾಪಸ್ ಕಳಿಸಬೇಡಿ. ಅದರ ಬದಲು ಕಂಪನಿಗೆ ಇನ್ನೊಂದು ಪತ್ರ ಬರೆಯಿರಿ. ಸಿಎಸ್‌ಆರ್ ನಿಯಮದಲ್ಲಿ, ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಯುವ ಯೋಜನೆಗೂ ಅವಕಾಶವಿದೆ. ಅದರಡಿ ವರ್ಷವರ್ಷದ ಖರ್ಚು ಕೊಡಿ, ಕೈಪಿಡಿಯನ್ನು ಕನ್ನಡಕ್ಕೆ ತನ್ನಿ, ತಿಂಗಳಿಗೊಂದು ದಿನ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ, ಶಿಕ್ಷಕರು ಈ ಕೋಣೆಯಲ್ಲಿ ಸೇರಲು ನೆರವಾಗಿ ಎಂದು ಕೇಳಿ. ನಿಮ್ಮ ಎಸ್‌ಡಿಎಂಸಿ ಸಭೆಯಲ್ಲೂ ಒಂದು ಠರಾವು ಆಗಲಿ: ಪಾಠ ಮಾಡುವಾಗ ಒಡೆದ ಸಾಮಾನಿಗೆ ಶಿಕ್ಷಕರು ಹೊಣೆಯಲ್ಲ, ಸಮಿತಿ ಅದನ್ನು ಬಳಕೆಯಲ್ಲಿ ಹೋದದ್ದೆಂದು ಬರೆದುಕೊಳ್ಳುತ್ತದೆ. ಠರಾವಿನ ಪ್ರತಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಪ್ರತಿಯನ್ನು ಆ ಕೋಣೆಯ ಬಾಗಿಲಿಗೇ ಅಂಟಿಸಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಕಾಯ್ದೆ ಇಟ್ಟದ್ದು ಇಂಥ ಮಾತು ಆಡಲಿಕ್ಕಾಗಿಯೇ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದ ವಾರ ನಾನೇ ಬರುತ್ತೇನೆ; ಫೋಟೊ ತೆಗೆಯುವವರನ್ನು ಕರೆತರುವುದಿಲ್ಲ.

ಪತ್ರದ ಕೊನೆಯಲ್ಲಿ ಮಗಳ ಪ್ರಶ್ನೆಯೊಂದನ್ನು ಅವಳದೇ ಅಕ್ಷರದಲ್ಲಿ ಬರೆಸಿದ್ದೀರಿ: ‘ಮೂರು ಫೇಸ್‌ನಲ್ಲಿ ಒಂದು ಹೋದರೆ ಮೋಟಾರ್ ತಿರುಗುವುದಿಲ್ಲ, ಗುಂಯ್ ಅನ್ನುತ್ತದೆ, ಯಾಕೆ?’ ಅವಳಿಗೆ ಓದಿ ಹೇಳಿ. ಮೂರು ಫೇಸ್‌ಗಳೂ ಒಂದರ ಹಿಂದೊಂದು ಸರದಿಯಲ್ಲಿ ಬರುತ್ತವಮ್ಮ. ಹಾಗಾಗಿ ಕಾಯಿಲುಗಳ ಆಯಸ್ಕಾಂತದ ಸೆಳೆತ ಮೋಟಾರಿನೊಳಗೆ ಸುತ್ತು ಹಾಕುತ್ತದೆ, ನಡುವಿನ ರೋಟರು ಅದರ ಬೆನ್ನು ಹತ್ತಿ ತಿರುಗುತ್ತದೆ. ನಿಂತ ಮೋಟಾರಿಗೆ ಒಂದು ಫೇಸ್ ಬರದಿದ್ದರೆ ಸೆಳೆತ ಸುತ್ತುವುದಿಲ್ಲ, ಒಂದೇ ಗೆರೆಯ ಮೇಲೆ ಅತ್ತಿಂದಿತ್ತ ಜಗ್ಗಾಡುತ್ತದೆ. ಯಾವ ಕಡೆ ಹೊರಡಬೇಕೆಂದು ರೋಟರಿಗೆ ದಿಕ್ಕು ಸಿಗುವುದಿಲ್ಲ. ಆ ಜಗ್ಗಾಟವೇ ನಿನಗೆ ಕೇಳಿಸಿದ ಗುಂಯ್. ಹಾಗೇ ಬಿಟ್ಟರೆ ಉಳಿದ ಕಾಯಿಲುಗಳಲ್ಲಿ ಕರೆಂಟು ಮಿತಿ ಮೀರಿ ಹರಿದು ಸುಡುತ್ತವೆ. ಸುಡಲಿಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಅಪ್ಪನ ಹತ್ತಿರ ಕೇಳು, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

— ಸಂಪಾದಕ