ಟೊಮೆಟೊ ಪೇಸ್ಟ್, ಪ್ಯೂರಿ, ಕೆಚಪ್: ಹಿಸ್ಟಮಿನ್ ಆಗದವರಿಗೆ ಯಾವುದು ವಾಸಿ?

ಹಸಿ ಟೊಮೆಟೊ ಆಗಿಬರಲ್ಲ, ಪೇಸ್ಟ್ ಹೇಗೂ ಬೆಂದಿರುತ್ತದೆ, ಅದಾದರೂ ತಿನ್ನಬಹುದಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಎರಡು ತಿಂಗಳು ಕೆಂಪು ಮುಖ ಹೊತ್ತು ಓಡಾಡಿದ್ದೇನೆ.

ನನಗೆ ಸಲಾಡ್‌ನಲ್ಲಿ ಎರಡು ಹೋಳು ಟೊಮೆಟೊ ತಿಂದರೂ ಮೂಗು ಸೋರುತ್ತಿತ್ತು, ತಲೆ ಭಾರ. ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ಇದು ಅಲರ್ಜಿಯೇ ಅಲ್ಲ. ಟೊಮೆಟೊದಂಥ ಊಟದಲ್ಲಿರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಕರುಳಿನಲ್ಲಿ ಒಡೆಯುವ ಡಿಎಒ ಎಂಬ ಕಿಣ್ವ ಸಾಲದೇ ಹೋದಾಗ ಬರುವ ತೊಂದರೆ. ಇದು ಗೊತ್ತಾಗಿದ್ದು ಆಮೇಲೆ. ಆಗ ನಾನು 'ಅಲರ್ಜಿ ಇಲ್ಲ, ಚೆನ್ನಾಗಿ ಕುದಿಸಿದರೆ ಸಾಕು' ಅಂದುಕೊಂಡು ಪೇಸ್ಟ್ ಡಬ್ಬಿ ತಂದೆ.

ಸೂಪ್‌ಗೆ ಎರಡು ದೊಡ್ಡ ಚಮಚ. ಅರ್ಧ ಗಂಟೆ ಕುದಿಸಿದೆ. ಕುಡಿದು ಸ್ವಲ್ಪ ಹೊತ್ತಿಗೆ ಯಾರೋ ಹಿಂಡಿದ ಹಾಗೆ ಕಿವಿ ಬಿಸಿ, ಎದೆ ಡವಡವ. ಮೆಣಸಿನ ಮೇಲೆ ಅನುಮಾನ ಬಂತು, ಬಿಟ್ಟೆ. ಆಮೇಲೆ ಬೆಳ್ಳುಳ್ಳಿ. ಪಾಪ, ಅದೇನು ಮಾಡಿತ್ತು! ಪೇಸ್ಟ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ.

ತಪ್ಪಾಗಿದ್ದು ಇಲ್ಲೇ. ಕುದಿಸಿದರೆ ನೀರು ಹೋಗುತ್ತದೆ, ಹಿಸ್ಟಮಿನ್ ಹೋಗಲ್ಲ. ಅದು ಬಿಸಿಗೆ ಜಗ್ಗುವ ವಸ್ತುವಲ್ಲ. ಒಂದು ಕಿಲೋ ಪೇಸ್ಟ್‌ಗೆ ಸುಮಾರು 5-6 ಕಿಲೋ ಟೊಮೆಟೊ ಬೇಕು. ಅಂದರೆ ಒಂದು ದೊಡ್ಡ ಚಮಚ ಪೇಸ್ಟ್ ಹೆಚ್ಚುಕಡಿಮೆ ಒಂದು ಟೊಮೆಟೊ. ಎರಡು ಹೋಳು ತಡೆಯಲಾಗದ ನಾನು ಒಂದೇ ಬಟ್ಟಲಲ್ಲಿ ಎರಡು ಇಡೀ ಹಣ್ಣು ಕುಡಿಯುತ್ತಿದ್ದೆ! ಆಗದಿದ್ದ ದಿನ 'ಬೆಂದಿಲ್ಲವೇನೋ' ಅಂತ ಇನ್ನೂ ಕಾಯಿಸಿ ಗಟ್ಟಿ ಮಾಡುತ್ತಿದ್ದೆ. ಸಾಲದ್ದಕ್ಕೆ ತೆರೆದ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು, ಅಂಚು ಕಪ್ಪಗಾದರೂ ಎರಡು ವಾರ ಕೆರೆದು ಕೆರೆದು ಬಳಸಿದೆ.

ಹಾಗಾಗಿ ಯಾವುದು ವಾಸಿ ಅಂತ ಹುಡುಕಬೇಡಿ. ಪ್ಯೂರಿ ಸ್ವಲ್ಪ ತೆಳು, ಅಷ್ಟೇ. ಕೆಚಪ್‌ನಲ್ಲಿ ವಿನೆಗರ್ ಬೇರೆ ಇರುತ್ತದೆ, ಅದೂ ಎಷ್ಟೋ ಜನಕ್ಕೆ ಆಗಲ್ಲ. ಮೂರು ವಾರ ಮೂರನ್ನೂ ಬಿಟ್ಟು, ತಿಂದಿದ್ದನ್ನೆಲ್ಲ ಬರೆದಿಡಿ. ಆಮೇಲೆ ತಾಜಾ ಹಣ್ಣಿನ ಒಂದು ಸಣ್ಣ ಹೋಳಿನಿಂದ ನೋಡಿ, ಡಯೆಟಿಷಿಯನ್ ಜೊತೆಗಿದ್ದರೆ ಒಳ್ಳೆಯದು. ಗಂಟಲು ಊದಿದರೆ, ಉಸಿರು ಕಟ್ಟಿದರೆ ಮಾತ್ರ ಈ ಪ್ರಯೋಗವೆಲ್ಲ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ನಾನೀಗ ಸೂಪ್‌ಗೆ ಕ್ಯಾರೆಟ್ ಜೊತೆ ಒಂದು ಚೂರು ಬೀಟ್‌ರೂಟ್ ಹಾಕುತ್ತೇನೆ. ಆ ಹುಳಿ ಬರಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಬಣ್ಣ ಮಾತ್ರ ಜೋರಾಗಿದೆ.