ಮುಹೂರ್ತ ನೋಡುವ ಮೊದಲು ಮತದಾರರ ಪಟ್ಟಿ ನೋಡಿ

ಪ್ರಶ್ನೆ: ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ. ಟಿಕೆಟ್ ಸಿಗದಿದ್ದರೆ ಬೆಳಗಾವಿ ಉತ್ತರದಿಂದ ಪಕ್ಷೇತರನಾಗಿ ನಿಲ್ಲುತ್ತೇನೆ. ನಾಮಪತ್ರ ಸಲ್ಲಿಸಲು ಕೊನೆಯ ದಿನ ಒಳ್ಳೆಯ ಗಳಿಗೆ ಇದೆಯಂತೆ. ಬೇರೆ ಏನು ತಯಾರಿ ಬೇಕು?

ಇಂಥ ಪತ್ರ ಪ್ರತಿ ಚುನಾವಣೆಗೂ ಬರುತ್ತವೆ, ಎಲ್ಲದರಲ್ಲೂ ಗಳಿಗೆಯ ಮಾತೇ ಮೊದಲು. ಆ ಗಳಿಗೆ ಹೇಳಿದವರಿಗೆ ದಕ್ಷಿಣೆ ಕೊಟ್ಟು ಕಳಿಸಿಬಿಡಿ. ನಾಮಪತ್ರ ತೆಗೆದುಕೊಳ್ಳುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಕೊನೆಯ ದಿನ ಎರಡೂವರೆಗೆ ಹೋದವರಿಗೆ ಒಂದು ಹಾಳೆ ಕಡಿಮೆ ಇದ್ದರೂ ತಂದುಕೊಡಲು ಹೊತ್ತಿರುವುದಿಲ್ಲ. ಮೊದಲ ಎರಡು ದಿನದಲ್ಲೇ ಒಂದು ಸೆಟ್ ಕೊಡಿ. ಒಬ್ಬ ಅಭ್ಯರ್ಥಿ ನಾಲ್ಕು ಸೆಟ್‌ವರೆಗೆ ಕೊಡಬಹುದು; ಗಳಿಗೆ ಬೇಕೇ ಬೇಕೆಂದರೆ ಎರಡನೆಯದನ್ನು ಆ ಹೊತ್ತಿಗೆ ಕೊಡಿ.

ನಿಮ್ಮ ನಿಜವಾದ ತೊಡಕು ಗುತ್ತಿಗೆ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಜೊತೆ ಕಾಮಗಾರಿ ಅಥವಾ ಸರಬರಾಜಿನ ಗುತ್ತಿಗೆ ಚಾಲ್ತಿಯಲ್ಲಿ ಇರುವವರು ವಿಧಾನಸಭೆಗೆ ಅನರ್ಹರು. ನಾಮಪತ್ರ ಪರಿಶೀಲನೆಯ ದಿನ ಅದು ಚಾಲ್ತಿಯಲ್ಲಿದ್ದರೆ ಅಲ್ಲಿಗೆ ಮುಗಿಯಿತು. ಕೆಲಸ ಪೂರ್ತಿ ಮುಗಿಸಿ ಬಿಲ್ ಮಾತ್ರ ಬಾಕಿ ಇದ್ದರೆ ತೊಂದರೆಯಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ. ಆದರೆ ಕೆಲಸ ಮುಗಿದದ್ದಕ್ಕೆ ಕಾರ್ಯನಿರ್ವಾಹಕ ಎಂಜಿನಿಯರರ ಸಹಿ ಇರುವ ಪ್ರಮಾಣಪತ್ರ ಕೈಯಲ್ಲಿರಲಿ. ರಸ್ತೆಯ ನಿರ್ವಹಣಾ ಅವಧಿ ಇನ್ನೂ ಉಳಿದಿದ್ದರೆ ಎದುರಾಳಿಯ ವಕೀಲರು ಅದನ್ನೇ ಹಿಡಿಯುತ್ತಾರೆ. ನನ್ನ ಸಲಹೆ ಕೇಳಿದರೆ, ಚುನಾವಣೆಯ ವರ್ಷ ಹೊಸ ಟೆಂಡರನ್ನೇ ಮುಟ್ಟಬೇಡಿ.

ಇನ್ನು ಸೂಚಕರು, ಅಂದರೆ ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೆಳಗಾವಿಯಲ್ಲಿ ಎಡವುವುದು ಇಲ್ಲೇ. ಉತ್ತರ, ದಕ್ಷಿಣ, ಗ್ರಾಮೀಣ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಅಂಗಡಿ ನಗರದಲ್ಲಿದ್ದು ಹೆಸರು ಹಿಂಡಲಗಾದ ಪಟ್ಟಿಯಲ್ಲಿದ್ದರೆ ಆತ ಗ್ರಾಮೀಣದ ಮತದಾರ, ನಿಮಗೆ ಸೂಚಕನಾಗಲಾರ. ಇದು ಸಣ್ಣ ತಪ್ಪು ಎಂದು ಚುನಾವಣಾಧಿಕಾರಿ ಮನ್ನಿಸುವಂಥದ್ದಲ್ಲ. ಇತ್ತೀಚಿನ ಪಟ್ಟಿ ತೆಗೆದು ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ನೀವೇ ಬೆರಳಿಟ್ಟು ನೋಡಿ. ಬೇರೆ ಬೇರೆ ಹತ್ತು ಜನರಿಂದ ಇನ್ನೊಂದು ಸೆಟ್ಟಿಗೂ ಸಹಿ ಹಾಕಿಸಿ. ಸ್ವತಃ ನಿಮ್ಮ ಹೆಸರು ರಾಜ್ಯದ ಯಾವ ಕ್ಷೇತ್ರದಲ್ಲಿದ್ದರೂ ನಡೆಯುತ್ತದೆ, ಬೇರೆ ಕಡೆ ಇದ್ದರೆ ಪಟ್ಟಿಯ ದೃಢೀಕೃತ ಪ್ರತಿ ಲಗತ್ತಿಸಬೇಕು ಅಷ್ಟೇ.

ನಾಮಪತ್ರದ ಜೊತೆ ಆಸ್ತಿ, ಸಾಲದ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಲಮೂ ಖಾಲಿ ಬಿಡಬಾರದು, ಗೆರೆಯನ್ನೂ ಎಳೆಯಬಾರದು. ಆಸ್ತಿ ಇಲ್ಲದಿದ್ದರೆ ‘ಇಲ್ಲ’, ಸಂಬಂಧಪಡದಿದ್ದರೆ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಹೆಂಡತಿಯ ಹೆಸರಿನ ಎಲ್‌ಐಸಿ, ಸೊಸೈಟಿಯ ಸಾಲ ಎಲ್ಲವೂ ಬರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ಹಿಂದಿನ ದಿನದೊಳಗೆ ಅಧಿಕಾರಿಯ ಮುಂದೆ ಪ್ರಮಾಣವಚನ ಸ್ವೀಕರಿಸಬೇಕು. ಹಾರ, ಮೆರವಣಿಗೆಯ ಗದ್ದಲದಲ್ಲಿ ಇದನ್ನು ಮರೆಯಬೇಡಿ. ಚುನಾವಣಾ ವೆಚ್ಚಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು. ವೆಚ್ಚದ ಮಿತಿ 40 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಸೋತವರು ‘ಇನ್ನೇನು ಲೆಕ್ಕ’ ಎಂದು ಸುಮ್ಮನಾಗುತ್ತಾರೆ, ಆಯೋಗ ಮೂರು ವರ್ಷ ಅನರ್ಹ ಮಾಡಬಹುದು.

‘ಟಿಕೆಟ್ ಕೊಡಿಸುತ್ತೇನೆ’ ಎಂದು ಮುಂಗಡ ಕೇಳುವವರು ಸುಲಿಗೆಕೋರರು. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರವಾದ ಬಿ ಫಾರಂ ಪಕ್ಷದ ಅಧಿಕೃತ ಪದಾಧಿಕಾರಿಯ ಶಾಯಿ ಸಹಿಯೊಂದಿಗೆ ಕೊನೆಯ ದಿನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜಿಗೆ ಬರಬೇಕು. ವಾಟ್ಸ್‌ಆಪ್‌ನಲ್ಲಿ ಬಂದ ಫೋಟೊಗೆ ಕಿಮ್ಮತ್ತಿಲ್ಲ.

ಪ್ರಶ್ನೆ: ಶಾಸಕನಾಗಲು ಡಿಗ್ರಿ ಬೇಕೇ? (ಬಾಗಲಕೋಟೆ)

ಬೇಡ. 25 ವರ್ಷ ತುಂಬಿರಬೇಕು.

ಪ್ರಶ್ನೆ: ಪಕ್ಷ ಬದಲಿಸಿದರೆ ರಾಜಕೀಯ ಜೀವನ ಮುಗಿದಂತೆಯೇ? (ವಿಜಯಪುರ)

ಇಲ್ಲ. 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ಗೋಕಾಕ, ಅಥಣಿ, ಕಾಗವಾಡದವರೂ ಇದ್ದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು ಸ್ಪರ್ಧೆಗೆ ಅವಕಾಶ ಕೊಟ್ಟಿತು, ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಮೂವರೂ ಗೆದ್ದರು. ಇದನ್ನು ದಾರಿ ಎಂದು ತಿಳಿಯುವವರಿಗೆ ನಾನು ಸಲಹೆ ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಓಣಿಯ ಗಟಾರವನ್ನು ಶಾಸಕರು ಯಾಕೆ ಮಾಡಿಸುವುದಿಲ್ಲ? ಸುವರ್ಣಸೌಧದ ಅಧಿವೇಶನಕ್ಕೆ ಹೋಗಿ ಮನವಿ ಕೊಟ್ಟರೆ ಸದನದಲ್ಲಿ ಎತ್ತುತ್ತಾರೆಯೇ? (ಬೆಳಗಾವಿ)

ಗಟಾರ ಪಾಲಿಕೆಯದು. 58 ವಾರ್ಡುಗಳಿಗೆ 58 ಸದಸ್ಯರಿದ್ದಾರೆ, ಮೊದಲು ಅವರ ಮನೆಗೆ ಹೋಗಿ. ಕ್ಯಾಂಪ್ ಪ್ರದೇಶವಾದರೆ ಅದು ರಕ್ಷಣಾ ಇಲಾಖೆಯ ಕಂಟೋನ್ಮೆಂಟ್ ಬೋರ್ಡಿನದು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲೂ ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಯದು, ಖಾಸಗಿ ಜಾಗಕ್ಕೆ ಹಣ ಹಾಕುವಂತಿಲ್ಲ.

ಅಧಿವೇಶನದ ದಿನ ಗೇಟಿನಲ್ಲಿ ಮನವಿ ಹಿಡಿದು ನಿಂತರೆ ಫೋಟೊ ಬರುತ್ತದೆ, ಉತ್ತರ ಬರುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆಗೆ, 15 ದಿನದ ಮುಂಗಡ ಸೂಚನೆ ಬೇಕು. ಡಿಸೆಂಬರಿನ ಅಧಿವೇಶನಕ್ಕೆ ನವೆಂಬರ್ ಮೊದಲ ವಾರವೇ ಶಾಸಕರ ಆಪ್ತ ಸಹಾಯಕರಿಗೆ ಒಂದೇ ಪುಟ ಕೊಡಿ: ವಾರ್ಡ್ ಸಂಖ್ಯೆ, ಕಾಮಗಾರಿಯ ಹೆಸರು, ಮಂಜೂರಾದ ಮೊತ್ತ, ಆದೇಶದ ಸಂಖ್ಯೆ ಮತ್ತು ದಿನಾಂಕ, ಕೆಲಸ ಎಲ್ಲಿಗೆ ನಿಂತಿದೆ. ಆದೇಶದ ಸಂಖ್ಯೆ ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪಾಲಿಕೆಯಿಂದ ಪಡೆಯಿರಿ. ಅವರು ಉತ್ತರಿಸಲು 30 ದಿನ ತೆಗೆದುಕೊಳ್ಳಬಹುದು, ಹಾಗಾಗಿ ಅರ್ಜಿ ಸೆಪ್ಟೆಂಬರಿನಲ್ಲೇ ಹೋಗಲಿ.