ಕೇಳಿಯಾದ ಪ್ರಯೋಗಶೀಲ ಇಂಡೀ ಸಿಡಿಯನ್ನು ಬಳ್ಳಾರಿಯಿಂದ ಮಾರಬಹುದೇ? ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಹೊರದೇಶದ ಸಣ್ಣ ಲೇಬಲ್ಲಿನಿಂದ (ಸಂಗೀತ ಪ್ರಕಟಿಸುವ ಸಂಸ್ಥೆ) ತರಿಸಿದ ನಾಯ್ಸ್-ಡ್ರೋನ್ ಸಿಡಿ (ಗದ್ದಲ, ಉದ್ದಕ್ಕೆ ಎಳೆದ ನಾದಗಳೇ ಸಂಗೀತ), ಕೇಳಿ ಆಯಿತು, ಕಂಪ್ಯೂಟರಿಗೂ ಹಾಕಿಕೊಂಡಿದ್ದೀರಿ. ಈಗ ಬಳ್ಳಾರಿಯಲ್ಲೇ ಕೂತು ಮಾರಬಹುದಾ, ಎಷ್ಟಕ್ಕೆ?

ಮಾರಬಹುದು. ಆದರೆ ಬ್ರೂಸ್‌ಪೇಟೆ, ಕೌಲ್ ಬಜಾರ್ ಅಂತ ಗಿರಾಕಿ ಹುಡುಕಿಕೊಂಡು ಅಲೆಯಬೇಡಿ, ಅಲ್ಲಿ ಇದಕ್ಕೆ ಗುಜರಿ ಬೆಲೆಯೂ ಹುಟ್ಟುವುದಿಲ್ಲ. ಕೊಳ್ಳುವವರು ದೂರದಲ್ಲಿರುತ್ತಾರೆ, ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಲಾರರು. ಅವರು ನಂಬುವುದು ನೀವು ಬರೆದದ್ದನ್ನು ಮತ್ತು ಫೋಟೊವನ್ನು.

ಮೊದಲು ಕೆಳಮೈ ನೋಡಿ. ಬೆಳ್ಳಿ ಬಣ್ಣ ಇದ್ದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಒತ್ತಿದ ಸಿಡಿ. ನೀಲಿ, ಹಸಿರು ಅಥವಾ ಹೊನ್ನಿನ ಛಾಯೆ ಇದ್ದರೆ ಬರ್ನ್ ಮಾಡಿದ ಸಿಡಿ-ಆರ್, ಅಂದರೆ ಖಾಲಿ ಡಿಸ್ಕಿಗೆ ಡ್ರೈವಿನಲ್ಲಿ ಬರೆದದ್ದು. ಸಣ್ಣ ಲೇಬಲ್ಲುಗಳು ಐವತ್ತೋ ನೂರೋ ಪ್ರತಿಗಳನ್ನು ಅಧಿಕೃತವಾಗಿಯೇ ಸಿಡಿ-ಆರ್‌ನಲ್ಲಿ ತರುವುದುಂಟು, ಹಾಗಾಗಿ ಅದು ನಕಲಿ ಅಂತೇನೂ ಅಲ್ಲ. ಆದರೆ ಮುಚ್ಚಿಟ್ಟು ಮಾರಬೇಡಿ, ಬರೆದೇ ಮಾರಿ. ಆಮೇಲೆ ನಡುವಿನ ತೂತಿನ ಸುತ್ತಲಿನ ಉಂಗುರದಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ನಂಬರನ್ನು (ಆ ಮುದ್ರಣದ ಗುರುತು) ಟಾರ್ಚ್ ಓರೆಯಾಗಿ ಹಿಡಿದು ಓದಿಕೊಳ್ಳಿ. ಸಿಡಿ, ರೆಕಾರ್ಡ್ ಪಟ್ಟಿ ಮಾಡಿ ಮಾರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಒಂದೇ ಆಲ್ಬಮ್ಮಿನ ಹಲವು ಆವೃತ್ತಿಗಳಿರುತ್ತವೆ. ಈ ನಂಬರ್ ನೋಡದೆ ಮರುಮುದ್ರಣವನ್ನು ಮೊದಲ ಆವೃತ್ತಿಯ ಕೆಳಗೆ ಹಾಕಿದರೆ ಗಿರಾಕಿ ಖಂಡಿತ ವಾಪಸ್ ಕಳಿಸುತ್ತಾನೆ.

ಈ ಬಗೆಯ ಸಂಗೀತದಲ್ಲಿ ಮಾತ್ರ ಬರುವ ತೊಂದರೆ ಒಂದಿದೆ. ಚಟಪಟ ಸದ್ದು, ಸಿಕ್ಕಿಹಾಕಿಕೊಂಡು ಅದೇ ತುಣುಕು ತಿರುಗುವುದು, ಅರ್ಧಕ್ಕೇ ಮೌನ: ಇವು ಕಲಾವಿದ ಬೇಕಂತಲೇ ಇಟ್ಟವೋ, ಡಿಸ್ಕ್ ಹಾಳಾಗಿದೆಯೋ? ಕಿವಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ವಿಂಡೋಸ್‌ನಲ್ಲಿ ನಡೆಯುವ ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ತಂತ್ರಾಂಶ ಸಾಕು, ಪುಕ್ಕಟೆ ಸಿಗುತ್ತದೆ. ಸೆಕ್ಯೂರ್ ಮೋಡ್‌ನಲ್ಲಿ ಟೆಸ್ಟ್ ಅಂಡ್ ಕಾಪಿ ಕೊಡಿ. ಪ್ರತಿ ಟ್ರ್ಯಾಕನ್ನು ಎರಡು ಸಲ ಓದಿ ಎರಡು ಸಿಆರ್‌ಸಿ ಸಂಖ್ಯೆ (ಓದಿದ ದತ್ತಾಂಶದ ತಾಳೆ ಸಂಖ್ಯೆ) ತೋರಿಸುತ್ತದೆ. ಎರಡೂ ಒಂದೇ ಇದ್ದು, ಟ್ರ್ಯಾಕ್ ಕ್ವಾಲಿಟಿ ನೂರರ ಹತ್ತಿರ ಬಂದು, ಲಾಗ್‌ನಲ್ಲಿ (ಅದು ಬರೆದಿಡುವ ವರದಿ) ಎರರ್ ಇಲ್ಲದಿದ್ದರೆ ಡಿಸ್ಕ್ ಸರಿಯಿದೆ ಅಂತಲೇ ಲೆಕ್ಕ. ಬೇರೆಯವರು ಓದಿದ ಫಲಿತಾಂಶದ ಜೊತೆ ಹೋಲಿಸುವ ಆಕ್ಯುರೇಟ್‌ರಿಪ್ ದತ್ತಾಂಶದಲ್ಲಿ ಈ ಡಿಸ್ಕ್ ಇಲ್ಲ ಅಂತ ಬಂದರೆ ಗಾಬರಿ ಬೇಡ, ಐವತ್ತು ಪ್ರತಿಯ ಸಿಡಿ ಅಲ್ಲಿ ಇರುವುದೇ ಅಪರೂಪ. ಅನುಮಾನದ ಜಾಗದ ನಿಮಿಷ-ಸೆಕೆಂಡ್ ಬರೆದುಕೊಂಡು, ಕಲಾವಿದರೇ ಸಂಗೀತ ಕೇಳಿಸಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದ ಸ್ಟ್ರೀಮ್‌ನಲ್ಲಿ ಅದೇ ಜಾಗ ಕೇಳಿ. ಅಲ್ಲೂ ಆ ಸದ್ದಿದ್ದರೆ ಅದು ಸಂಗೀತ. ಆ ಲಾಗನ್ನು ಗಿರಾಕಿಗೆ ಕಳಿಸಿದರೆ ಮುಂದಿನ ಜಗಳಗಳು ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಒರೆಸುವಾಗ ಜೋಪಾನ. ನಮ್ಮ ಕಡೆಯ ಕೆಂಪು ಧೂಳು, ಅದರಲ್ಲೂ ಸಂಡೂರು ದಾರಿಯ ಅದಿರಿನ ಧೂಳು, ಬಟ್ಟೆಗೆ ಅಂಟಿದರೆ ಉಪ್ಪುಕಾಗದದಂತೆ ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ, ಪ್ಲೇಯರ್ ಅದನ್ನು ದಾಟಿ ಓದಲಾರದು. ಟೂತ್‌ಪೇಸ್ಟ್ ಉಪಾಯ ಬಿಟ್ಟುಬಿಡಿ. ಹೆಸರು, ಚಿತ್ರ ಇರುವ ಮೇಲ್ಬದಿಗೆ ಸ್ಪಿರಿಟ್ ಹಚ್ಚಬೇಡಿ, ಎಷ್ಟನೇ ಪ್ರತಿ ಅಂತ ಮಾರ್ಕರಿನಲ್ಲಿ ಬರೆದ ಸಂಖ್ಯೆ ಅಳಿಸಿಹೋಗುತ್ತದೆ. ಕೆಳಗಿನ ಪಾಲಿಕಾರ್ಬೊನೇಟ್ 1.2 ಮಿಲಿಮೀಟರ್ ದಪ್ಪ, ಸಣ್ಣ ಗೀರು ತಡೆದುಕೊಳ್ಳುತ್ತದೆ. ದತ್ತಾಂಶ ಇರುವುದು ಆ ಮೇಲ್ಬದಿಯಲ್ಲಿ, ತೆಳು ಮೆರುಗಿನ ಕೆಳಗೇ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತು ಕಂಡರೆ ಅದಕ್ಕೆ ರಿಪೇರಿ ಇಲ್ಲ.

ಗ್ರೇಡ್ (ಸಿಡಿಯ ಸ್ಥಿತಿಯ ದರ್ಜೆ) ವಿಷಯದಲ್ಲಿ ಆಸೆ ಬೇಡ. ಮಿಂಟ್ ಅಂದರೆ ನುಡಿಸದೇ ಇರುವ ಸಿಡಿ. ಕೇಳಿದ ಮೇಲೆ ಹೆಚ್ಚೆಂದರೆ ನಿಯರ್ ಮಿಂಟ್, ಕೂದಲೆಳೆ ಗೀರಿದ್ದರೆ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್). ಡಿಸ್ಕಿಗೂ ಹೊದಿಕೆಗೂ ಬೇರೆ ಬೇರೆ ಗ್ರೇಡ್ ಕೊಡಬೇಕು. ಸ್ಟಿಕ್ಕರ್, ಒಳಹಾಳೆ, ಕೈಮುದ್ರಣದ ಕಾಗದ ಎಲ್ಲವನ್ನೂ ಒಂದೇ ಫೋಟೊದಲ್ಲಿ ಹರಡಿ ತೋರಿಸಿ. ಇಂಥ ಸಿಡಿಯಲ್ಲಿ ಒಂದು ಚೀಟಿ ಕಳೆದರೂ ಬೆಲೆ ಇಳಿಯುತ್ತದೆ.

ಬೆಲೆಗೆ ಡಿಸ್ಕಾಗ್ಸ್‌ನಲ್ಲಿ ಹಿಂದೆ ನಿಜವಾಗಿ ಮಾರಾಟವಾದ ದರ ನೋಡಿ, ಈಗ ಯಾರೋ ಕೇಳುತ್ತಿರುವ ದರವನ್ನಲ್ಲ. ಆಲ್ಬಮ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇನ್ನೂ ಹೊಸದಾಗಿ ಸಿಗುತ್ತಿದ್ದರೆ ಅದಕ್ಕಿಂತ ಕಡಿಮೆಗೇ ಇಳಿಯಬೇಕು. ಡಿಸ್ಕಾಗ್ಸ್ ಅಂಚೆ ವೆಚ್ಚವನ್ನೂ ಸೇರಿಸಿ 9% ಶುಲ್ಕ ಹಿಡಿಯುತ್ತದೆ, ಹಣ ತಲುಪಿಸುವ ಪೇಪಾಲ್ ಸೇವೆಯ ಕಮಿಷನ್ ಬೇರೆ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ಹಣ ಮಾತ್ರ ಬರುತ್ತದೆ. ಆದ್ದರಿಂದ ಬೆಂಗಳೂರು, ಪುಣೆ ಕಡೆಯ ಗಿರಾಕಿಗೆ ಸಂಗ್ರಾಹಕರ ಫೇಸ್‌ಬುಕ್ ಗುಂಪು ಮತ್ತು ಯುಪಿಐ ಸರಿ. ಹಣ ಪಡೆಯಲು ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಪ್ಯಾಕಿಂಗ್‌ನಲ್ಲಿ ಒಂದೇ ಗುಟ್ಟು: ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಾದರೆ ಡಿಸ್ಕನ್ನು ಅದರೊಳಗೆ ಬಿಡಬೇಡಿ. ದಾರಿಯಲ್ಲಿ ನಡುವಿನ ಹಲ್ಲು ಮುರಿದು ಆ ಚೂರುಗಳೇ ಡಿಸ್ಕನ್ನು ಗೀರುತ್ತವೆ. ಡಿಸ್ಕನ್ನು ಪಾಲಿಪ್ರೊಪಿಲೀನ್ ಕವರಿಗೆ ಹಾಕಿ ಡಬ್ಬಿಯ ಬೆನ್ನಿಗೆ ಇಡಿ, ಒಂದು ಸುತ್ತು ಬಬಲ್ ಹಾಳೆ ಸುತ್ತಿ, ಮೇಲೊಂದು ಕೆಳಗೊಂದು ರಟ್ಟು ಕೊಡಿ. ರಟ್ಟಿನ ಅಲೆಗಳು ಒಂದಕ್ಕೊಂದು ಅಡ್ಡಡ್ಡ ಇದ್ದರೆ ಬಾಗುವುದಿಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮರೆಯಬೇಡಿ, ಸಿಡಿ-ಆರ್‌ನ ಬಣ್ಣಕ್ಕೆ ಬಿಸಿಲು ಆಗದು. ದೇಶದೊಳಗೆ ಸ್ಪೀಡ್ ಪೋಸ್ಟ್ ಮಾಡಿ. 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲೇ ಸೇರಿಹೋಗಿದೆ. ಹೊರದೇಶಕ್ಕೆ ಟ್ರ್ಯಾಕಿಂಗ್ ಇರುವ ಪ್ಯಾಕೆಟ್ಟೇ ಬೇಕು. ಕಸ್ಟಮ್ಸ್ ಚೀಟಿಯಲ್ಲಿ "ಬಳಸಿದ ಮ್ಯೂಸಿಕ್ ಸಿಡಿ" ಅಂತ ಇಂಗ್ಲಿಷಿನಲ್ಲಿ ಬರೆದು ನಿಜವಾದ ಬೆಲೆ ಹಾಕಿ.

ಇನ್ನು ಕಾಯ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಮೊದಲು, ಪ್ರತಿ ಒಮ್ಮೆ ಮಾರಾಟವಾಗಿದ್ದರೂ ಧ್ವನಿಮುದ್ರಣವನ್ನು ಮಾರುವ ಹಕ್ಕು ಮಾಲೀಕನದೇ ಎಂಬರ್ಥದ ಮಾತಿತ್ತು. 2012ರ ತಿದ್ದುಪಡಿ ಆ "ಒಮ್ಮೆ ಮಾರಾಟವಾಗಿದ್ದರೂ" ಎಂಬ ಮಾತನ್ನು ತೆಗೆಯಿತು. ನೀವು ದುಡ್ಡು ಕೊಟ್ಟು ತಂದ ಅಸಲಿ ಪ್ರತಿಯೊಂದನ್ನು ಮಾರುವುದಕ್ಕೂ ನಕಲು ಮಾಡಿ ಮಾರುವುದಕ್ಕೂ ಅಜಗಜಾಂತರ. ಸಿಡಿ ಕೈಬಿಟ್ಟ ಮೇಲೆ ಕಂಪ್ಯೂಟರಿನ ಫೈಲುಗಳನ್ನೂ ಅಳಿಸುವುದು ಮರ್ಯಾದೆ ಅನ್ನುವುದು ನನ್ನ ಅಭಿಪ್ರಾಯ. ಬೇಕಿದ್ದರೆ ಡಿಜಿಟಲ್ ಪ್ರತಿಯನ್ನು ಕಲಾವಿದರಿಂದಲೇ ಕೊಳ್ಳಿ. ಒಳಗೆ ಡೌನ್‌ಲೋಡ್ ಕೋಡ್ ಚೀಟಿ ಇದ್ದು ಅದನ್ನು ಬಳಸಿಬಿಟ್ಟಿದ್ದರೆ ಆ ಮಾತನ್ನೂ ಜಾಹೀರಾತಿನಲ್ಲಿ ಬರೆಯಿರಿ, ಚೀಟಿ ಇದೆ ಅಂತಷ್ಟೇ ಹಾಕಿದರೆ ಗಿರಾಕಿ ಕೋಡ್ ಇನ್ನೂ ನಡೆಯುತ್ತದೆ ಅಂತಲೇ ತಿಳಿಯುತ್ತಾನೆ.